ಮುಟ್ಟಬಾರದ ಕಾರು

ಅಪ್ಪ ಅವನಿಗೆಂದು ತಂದ ಕಾರನ್ನು ಅಕ್ಕನ ಗಂಡ ಬಾಯ್ತುಂಬ ಹೊಗಳಿದ್ದೇ ತಪ್ಪಾಯಿತು. "ಅಳಿಯಂದಿರಿಗೆ ಇಷ್ಟ ಆಯ್ತಲ್ಲ, ಅವರೇ ಇಟ್ಕೊಳ್ಳಲಿ ಬಿಡು," ಎಂದು ಅಪ್ಪ ಹತ್ತು ವರ್ಷದ ಮಗನ ಕೈಯಿಂದಲೇ ಅದನ್ನು ಕೊಡಿಸಿದ್ದರು. ಗೇಣುದ್ದದ ಅಮೆರಿಕನ್ ಆಟದ ಕಾರು. ಎರಕದ ಲೋಹದ ಮೈ, ಬೆಣ್ಣೆ ಬಣ್ಣ, ಹಿಂದೆ ಮೀನಿನ ರೆಕ್ಕೆಯಂಥ ಎರಡು ಚೂಪು. ಅದಾಗಿ ಮೂವತ್ತು ವರ್ಷ. ಅಪ್ಪ ತೀರಿಕೊಂಡರು, ಕಾರು ಮಾತ್ರ ಭಾವನ ಗಾಜಿನ ಕಪಾಟಿನಲ್ಲಿ ಮೆರೆಯುತ್ತಿತ್ತು. ವಾಪಸು ಕೇಳಿದರೆ ಭಾವ ನಗುತ್ತಿದ್ದರು. "ಈ ವಯಸ್ಸಲ್ಲಿ ನಿಂಗ್ಯಾಕೋ ಆಟದ ಸಾಮಾನು?" ಹಾಗೆನ್ನುವವರಿಗೆ ಅರವತ್ತು ದಾಟಿತ್ತು, ಕಪಾಟಿನಲ್ಲಿ ನಲವತ್ತೆರಡು ಕಾರುಗಳಿದ್ದವು.

ಹಳೆಯ ಆಟದ ಕಾರುಗಳ ರಿಪೇರಿಯೇ ಅವನ ಕಸುಬು. ಗಿರಾಕಿಗಳಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: ತಿಂಗಳಿಗೊಮ್ಮೆ ಕಾರನ್ನು ಎತ್ತಿ ಗಾಲಿ ತಿರುಗಿಸಿಡಿ. ಭಾವನಿಗೆ ಮಾತ್ರ ಆರು ವರ್ಷದ ಹಿಂದೆಯೇ ಬೇರೆ ಮಾತು ಹೇಳಿದ್ದ. "ಬೆಣ್ಣೆ ಬಣ್ಣದ್ದನ್ನ ಮುಟ್ಲೇಬೇಡಿ ಭಾವ. ಲೋಹ ಹಳೇದಾಗಿದೆ, ಕೈಲೇ ಪುಡಿಯಾಗುತ್ತೆ." ಮುಟ್ಟದವರಿಗೆ ತೂಕ ತಿಳಿಯುವುದಿಲ್ಲ, ತಳದಲ್ಲಿ ಅಚ್ಚಾದ ಕಂಪನಿಯ ಅಕ್ಷರಗಳು ಕಾಣುವುದಿಲ್ಲ. ನಕಲಿಟ್ಟು ಅಸಲನ್ನು ಒಯ್ಯುವ ಅವನ ಯೋಜನೆಯ ಬುನಾದಿಯೇ ಅದು.

ನಕಲು ಮಾಡಲು ಎರಡು ವರ್ಷ ಹಿಡಿಯಿತು. ಬಾಗಿಲ ಮೇಲಿನ ಗೀರನ್ನೂ, ಬಿಸಿಲಿಗೆ ಮಾಸಿದ ಬದಿಯನ್ನೂ ಫೋಟೊ ನೋಡಿ ಹಾಗೆಯೇ ಇಳಿಸಿದ. ಆಗಾಗ ಒಂದೇ ಒಂದು ಭಯ ಕಾಡುತ್ತಿತ್ತು: ಸಿಕ್ಕಿಬಿದ್ದರೆ ಅಕ್ಕನ ಮನೆಯ ಬಾಗಿಲು ಮುಚ್ಚಿದಂತೆಯೇ. ಅಪ್ಪ ಅಮ್ಮನ ನಂತರ ಅವನಿಗೆಂದು ಉಳಿದವಳು ಅವಳೊಬ್ಬಳೇ.

ಭಾನುವಾರ ಮಧ್ಯಾಹ್ನ, ಇನ್ನೊಂದು ಕಾರಿನ ದೀಪ ಸರಿಮಾಡುವ ನೆಪದಲ್ಲಿ ಹೋದ. ಭಾವ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದರು, ಅಕ್ಕ ಚಹಾ ಮಾಡಲು ಒಳಗೆ ಹೋದಳು. ಅವನು ಕಪಾಟು ತೆರೆದ. ಕಾರು ಒಂದು ಕ್ಷಣ ಹಲಗೆ ಬಿಡಲೊಲ್ಲೆ ಎಂದಿತು. ಸ್ವಲ್ಪ ಜಗ್ಗಿದ, ಬಂತು. ತಿರುಗಿಸಿ ನೋಡಲು ಪುರುಸೊತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಸೇರಿಸಿ, ನಕಲನ್ನು ಆ ಜಾಗದಲ್ಲಿಟ್ಟ. ದೀಪ ಸರಿಮಾಡಿದ ಕಾರನ್ನೂ ಒಳಗಿಟ್ಟ. ಮೂವತ್ತು ವರ್ಷದ ಹೊಟ್ಟೆಯುರಿ ಆವತ್ತು ತಣ್ಣಗಾಯಿತು.

ಚಹಾ ಮುಗಿಸಿ ಚೀಲ ಹೆಗಲಿಗೇರಿಸುವಾಗ ಭಾವ ಕಪಾಟಿನ ಮುಂದೆ ಬಗ್ಗಿದ್ದರು. "ಬೆಣ್ಣೆ ಬಣ್ಣದ್ದರ ಹಿಂದೆ ಏನೋ ಕಪ್ಪಗೆ ಅಂಟ್ಕೊಂಡಿದೆಯಲ್ಲ." ಕಾರಿಗೆ ತಗಲದಂತೆ ಹುಷಾರಾಗಿ ಅದನ್ನು ಚಿಮಟದಿಂದ ಕಿತ್ತು ಅಂಗೈ ಮೇಲಿಟ್ಟುಕೊಂಡರು. ಪುಟ್ಟ ರಬ್ಬರ್ ಟೈರು. ಅವನ ಮಾತಿಗೆ ಬೆಲೆ ಕೊಟ್ಟು ಆರು ವರ್ಷ ಯಾರೂ ಕದಲಿಸದ ಗಾಲಿಯ ರಬ್ಬರು, ಮೆತ್ತಗಾಗಿ ಹಲಗೆಯ ಬಣ್ಣಕ್ಕೇ ಅಂಟಿ, ಅವನು ಜಗ್ಗಿದಾಗ ಅಲ್ಲೇ ಉಳಿದಿತ್ತು. ಭಾವ ಒಂದೊಂದೇ ಕಾರು ನೋಡುತ್ತ ಬಂದರು, ಅಕ್ಕ ಜೊತೆಗೆ ನಿಂತು ಎಣಿಸಿದಳು. "ನಲವತ್ತೆರಡಕ್ಕೂ ನಾಲ್ಕು ನಾಲ್ಕು ಟೈರು ಸರಿಯಾಗಿವೆ," ಎಂದಳು. ಅವಳ ಕಣ್ಣು ನಿಧಾನವಾಗಿ ತಮ್ಮನ ಚೀಲದ ಮೇಲೆ ಬಂದು ನಿಂತಿತು. "ಹಾಗಾದ್ರೆ ಇದು ಯಾವ ಕಾರಿಂದೋ?"