ಹೊರಟು ನಿಂತವಳ ಮೇಲಿನ ಸಿಟ್ಟು

“ನಿಮ್ಮ ಕಾರು ನಮಗ ಬ್ಯಾಡ್ರಿ!”

ಮೊಣಕಾಲುದ್ದ ನೀರಿನಲ್ಲಿ ನಿಂತು ಲಕ್ಷ್ಮಿಕಾಂತ ಕೂಗಿದ ರಭಸಕ್ಕೆ ಪ್ರಿಯದರ್ಶಿನಿ ಬೆಚ್ಚಿಬಿದ್ದಳು.

2005ರ ಆ ಮಳೆಗೆ ಲಕ್ಷ್ಮಿಕಾಂತನದೂ ಸೇರಿ ಮಹದೇವಪುರದ ಬಾಡಿಗೆ ಕೋಣೆಗಳಿಗೆಲ್ಲ ನೀರು ನುಗ್ಗಿತ್ತು. ಬೆಳಿಗ್ಗೆ ಸುದ್ದಿ ಕೇಳಿದ್ದೇ ತಡ, ಅವಳು ಕಾಕ್ಸ್ ಟೌನಿನ ಸೋದರತ್ತೆಯ ಕಾರು ಹತ್ತಿ ಓಡಿಬಂದಿದ್ದಳು.

ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಪ್ಪ ಅಮ್ಮನ ದೇಶಕ್ಕೆಂದು ಬಂದವಳು, ಲಕ್ಷ್ಮಿಕಾಂತ ಪಾಠ ಹೇಳುವ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಮೊದಲ ವಾರವೇ ಅವನ ಮನೆಯ ಬಡತನ ಕಂಡು ಸಂಕಟ ತಾಳಲಾರದೆ ತನ್ನ ಚಿನ್ನದ ಬಳೆ ಬಿಚ್ಚಿ ಅವನ ತಾಯಿ ಯಂಕಮ್ಮನ ಕೈಗಿಟ್ಟಿದ್ದಳು.

ಅವನು ಅದನ್ನು ಹಾಗೇ ವಾಪಸ್ ತಂದಿದ್ದ. “ಕೊಟ್ಟು ನೀವು ಹಗುರಾಗ್ತೀರಿ. ಆ ಭಾರ ನಮ್ಮ ಮ್ಯಾಲ ಹಾಕಬ್ಯಾಡ್ರಿ!”

ಅಂದಿನಿಂದ ಒಂದು ಮೆತ್ತಗಿನ ಮಾತಿಲ್ಲ. ಆದರೂ ಈ ಹಾಳು ಮನಸ್ಸು ದಿನವೂ ಅವನ ದಾರಿಯನ್ನೇ ಕಾಯುತ್ತಿತ್ತು…

“ನಿನಗ ಬ್ಯಾಡಾದ್ರ ಬಿಡಪ್ಪ, ನಾ ಹೊಂಟೆ. ಕಾಲು ಹಿಡ್ಯಾಕತ್ತಾವ!” ಯಂಕಮ್ಮ ಸೀರೆ ಎತ್ತಿಕಟ್ಟಿ ಕಾರು ಹತ್ತಿಯೇಬಿಟ್ಟಳು.

“ಕರೀಂ ಅಣ್ಣ, ಇವ್ರನ್ನ ಅತ್ತೆ ಮನೆಗೆ ಬಿಡಿ,” ಎಂದು ಡ್ರೈವರಿಗೆ ಹೇಳಿದ ಪ್ರಿಯದರ್ಶಿನಿ ತಾನು ಮಾತ್ರ ನೀರಿಗಿಳಿದು ಬಕೆಟ್ ಹಿಡಿದಳು.

“ಇದರಿಂದ ನಿಮ್ಮ ಸಿರಿತನದ ಪಾಪ ತೊಳೀತದೇನು?” ಲಕ್ಷ್ಮಿಕಾಂತ ಕುಟುಕಿದ.

“ತೊಳೆಯಲ್ಲ. ನೀರು ಹೊರಗೆ ಹೋಗುತ್ತೆ, ಅಷ್ಟೆ!” ಅವಳು ಬಕೆಟ್ ನೀರನ್ನು ಹೊರಗೆ ಚೆಲ್ಲಿದಳು. “ಎಲ್ಲಿ ಹುಟ್ಬೇಕು ಅಂತ ನನ್ನನ್ನ ಯಾರು ಕೇಳಿದ್ರು? ಊಟ ಮಾಡಿದ್ರೂ ನಾಚಿಕೆ, ಕಾರು ಹತ್ತಿದ್ರೂ ನಾಚಿಕೆ… ಇನ್ನೆಷ್ಟು ಕುಗ್ಗಲಿ ನಾನು? ಭಾನುವಾರ ಲಂಡನ್ನಿಗೆ ಹೋಗ್ತಿದ್ದೀನಿ. ಸಮಾಧಾನವಾಯ್ತಾ?”

ಲಕ್ಷ್ಮಿಕಾಂತನ ಮುಖ ಕಳೆಗುಂದಿತು.

“ಅದಕ್ಕೇ ನನಗ ಸಿಟ್ಟು,” ಎಂದ ತಗ್ಗಿದ ದನಿಯಲ್ಲಿ. “ನಿಮ್ಮ ಸಿರಿತನದ ಮ್ಯಾಲ ಅಲ್ರೀ. ಬೇಕಂದಾಗ ಬರ್ತೀರಿ, ಬೇಕಂದಾಗ ಹೋಗ್ತೀರಿ… ಉಳಿಯಾಂವ ನಾನು!”

ಅವಳು ಬಕೆಟ್ ಬಿಟ್ಟು ಅವನತ್ತ ತಿರುಗಿದಳು. ‘ಅಂದರೆ… ಇಷ್ಟು ದಿನದ ಆ ಬೈಗುಳವೆಲ್ಲ…!’

“ಹೋಗ್ಬೇಡ ಅಂತ ಒಂದು ಸಲನಾದ್ರೂ ಹೇಳಿದ್ರಾ?”

“ಯಾವ ಬಾಯಿಲೆ ಹೇಳ್ಲಿ?”

“ಬೈಯೋಕೆ ಬರುತ್ತಲ್ಲ, ಆ ಬಾಯಲ್ಲೇ!”

ಅವನು ಮೊದಲ ಬಾರಿ ನಕ್ಕ. ಕಣ್ಣು ಮಾತ್ರ ತುಂಬಿತ್ತು. “ಹೋಗಬ್ಯಾಡ್ರಿ, ಪ್ರಿಯಾ.”

“ಹೋಗಿ ಅಪ್ಪ ಅಮ್ಮಂಗೆ ಹೇಳಿ ಬರ್ತೀನಿ. ಇಲ್ಲೇ ಇದ್ದುಬಿಡೋಕೆ… ಕಾಯ್ತೀರಾ?”

“ಕಾಯ್ತೀನಿ.”

“ಬೈಯದೆ?”

“ಅದು ಹೇಳಾಕ ಬರಂಗಿಲ್ಲ,” ಅವಳ ಒದ್ದೆ ಕೈ ಹಿಡಿದು ಅವನೆಂದ. “ಕಾಯೋದಂತೂ ಖರೆ.”