ಈ ಕಂಡಕ್ಟರ್ ಯಾವ ರೂಟು?

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ, ನಾನು ಈವರೆಗೆ ತಿಂದ ರಸಬಾಳೆಯೆಲ್ಲ ಹೊಟ್ಟೆಯಲ್ಲೇ ಮತ್ತೆ ಗೊನೆ ಬಿಡಲಿ.

“ಹಾಡೋರೆಲ್ಲಿ? ಡ್ಯಾನ್ಸ್ ಯಾವಾಗ?” ಹಿಂದಿನಿಂದ ಯಾರೋ ಕೂಗಿದರು.

ನಂಜನಗೂಡಿನ ಆ ಸ್ಕೂಲ್ ಹಾಲ್ ತುಂಬಿತ್ತು. ಬೋರ್ಡಿನಲ್ಲಿ ‘ಆರ್ಕೆಸ್ಟ್ರಾ’ ಅಂತ ಬರೆದಿದ್ದರಲ್ಲ, ಸಿನಿಮಾ ಹಾಡು ಕೇಳೋಣ ಅಂತ ಜನ ಬಂದಿದ್ದರು. ಸ್ಟೇಜ್ ಮೇಲೆ ನೋಡಿದರೆ ಕಪ್ಪು ಕೋಟಿನ ಮೂವತ್ತು ಜನ, ಬರೀ ಪಿಟೀಲು, ಕೊಳಲು. ಒಂದು ಪಿಟೀಲಂತೂ ಆಳೆತ್ತರ. ಬಸ್ಸಿನಲ್ಲಿ ಅದಕ್ಕೆ ಫುಲ್ ಟಿಕೆಟ್ ಹರಿದು ಕಿಟಕಿ ಪಕ್ಕ ಕೂರಿಸಿದ್ದರಂತೆ.

ಅವರು ಶ್ರುತಿ ಮಾಡಿಕೊಂಡರು. ಅದೇ ಮೊದಲ ಹಾಡು ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು.

“ಚೆಂದಾಗಿತ್ತು. ಚಿಕ್ಕದಾಯ್ತು, ಅಷ್ಟೇಯ” ಅಂದರು ಮುಂದಿನ ಸಾಲಿನ ಪಾಪಮ್ಮಜ್ಜಿ.

ಮೈಕ್ ಮುಂದೆ ಐದನೇ ಕ್ಲಾಸಿನ ಸಂಘಮಿತ್ರಾ. ಕೈಯಲ್ಲಿ ಹೆಡ್‌ಮಾಸ್ಟರ್ ಬರೆದುಕೊಟ್ಟ ಚೀಟಿ. “ಪಾಶ್ಚಾತ್ಯ ಶಾಸ್ತ್ರೀಯ ವಾದ್ಯವೃಂದದ ನಾಲ್ಕು ಚಲನೆಗಳು...” ಎರಡು ಸಾಲು ಜನ ಎದ್ದೇಬಿಟ್ಟರು.

ಅವಳ ಅಪ್ಪ ನಿಂಗರಾಜು ಬಸ್ ಕಂಡಕ್ಟರ್. ಸಂಜೆ ಡ್ಯೂಟಿಗೆ ಮುಂಚೆ ಮಗಳ ಮಾತು ಕೇಳಲು ಖಾಕಿಯಲ್ಲೇ ಬಂದು ಕೂತಿದ್ದರು. ಅಪ್ಪನ ಮುಂದೆಯೇ ಹಾಲ್ ಖಾಲಿಯಾದರೆ?

ಕೋಟಿನವರ ಕಡೆ ಮುಖ ಮಾಡಿ ಕಡ್ಡಿ ಹಿಡಿದು ನಿಂತವರನ್ನು ತೋರಿಸಿ ಅವಳು ಗಬಗಬನೆ ಓದಿದಳು: “ಇವರು ಕಂಡಕ್ಟರ್.”

“ಯಾವ ರೂಟು?” ಅಂದರು ಪಾಪಮ್ಮಜ್ಜಿ. ಹಾಲ್ ಗೊಳ್ಳೆಂದಿತು. “ಏನೂ ಬಾರಿಸ್ದೆ ಬರೀ ಕಡ್ಡಿ ಅಲ್ಲಾಡ್ಸಕ್ಕೆ ಒಂದಾಳಾ?”

ಸಂಘಮಿತ್ರಾ ಅಪ್ಪನ ಖಾಕಿ ನೋಡಿದಳು. ಚೀಟಿ ಮಡಚಿದಳು.

“ಅಜ್ಜೀ, ನಮ್ಮಪ್ಪ ಸ್ಟೇರಿಂಗ್ ಮುಟ್ತಾರಾ?”

“ಇಲ್ಲ ಕಣವ್ವ.”

“ಅವರು ಸೀಟಿ ಊದ್ದೆ ಬಸ್ ಹೊರಡ್ತದಾ?”

“ಎಲ್ಲೊಂಟದು!”

“ಇವರೂ ಹಂಗೇ. ಕಡ್ಡೀನೇ ಸೀಟಿ. ಒಂದೇ ಹಾಡು, ನಾಲ್ಕು ಭಾಗ. ಮಧ್ಯ ಮೂರು ಸಲ ನಿಲ್ಲಿಸ್ತಾರೆ. ದಾರೀಲಿ ಸುತ್ತೂರಲ್ಲಿ ಬಸ್ ನಿಂತ್ರೆ ನರಸೀಪುರ ಬಂತು ಅಂತ ಇಳೀತೀರಾ? ಕಂಡಕ್ಟರ್ ನಮ್ಮ ಕಡೆ ತಿರುಗಿದ್ರೆ ಲಾಸ್ಟ್ ಸ್ಟಾಪ್. ಆಗ ಚಪ್ಪಾಳೆ!”

ಎದ್ದವರು ಕೂತರು. ಕಡ್ಡಿ ಮೇಲೆದ್ದಿತು. “ರೈಟ್, ರೈಟ್!” ಅಂತ ಯಾರೋ ಕೂಗಿದರು. ಸರಿಯಾಗಿ ಆಗಲೇ ಮೂವತ್ತು ಜನರೂ ಹೊರಟರು.

ಮೊದಲ ಸಲ ನಿಂತಾಗ ಪಕ್ಕದವನು ಚಪ್ಪಾಳೆಗೆ ಕೈ ಎತ್ತಿದ. ಪಾಪಮ್ಮಜ್ಜಿ ಅವನ ಮಣಿಕಟ್ಟು ಹಿಡಿದರು. “ಇನ್ನೂ ಸುತ್ತೂರು ಕಣ್ಲಾ, ಕೂತ್ಕೊ!”

ಎಂಥ ನಿಶ್ಶಬ್ದ ಅಂದರೆ, ಗೋಡೆ ಮೇಲಿನ ಹಲ್ಲಿ ಲೊಚಗುಡಲು ಬಾಯಿ ತೆರೆದು, ಅದನ್ನು ಹಾಗೇ ನುಂಗಿಕೊಂಡಿತು. ಕಡೆಯ ಚಪ್ಪಾಳೆಗೆ ಹಾರಿದ ಪಾರಿವಾಳಗಳು ಊರಾಚೆಯ ತಾಂಡ್ಯ ದಾಟಿದ ಮೇಲೇ ತಿರುಗಿ ನೋಡಿದ್ದು.

ಸಂಜೆ ಅಪ್ಪನ ಬಸ್ಸಿನಲ್ಲೇ ಸಂಘಮಿತ್ರಾ ನರಸೀಪುರದ ದೊಡ್ಡಮ್ಮನ ಮನೆಗೆ ಹೊರಟಳು. ಅವಳ ಬಾಯಿ ಇನ್ನೂ ನಿಂತಿರಲಿಲ್ಲ.

“ಅಪ್ಪಾ, ಎರಡನೇದು ನಿಧಾನ ಇತ್ತಲ್ಲ, ಯಾಕ್ ಗೊತ್ತಾ? ಅದು—”

ಅಪ್ಪ ಆಗಲೇ ಎದ್ದು ಹೋಗಿದ್ದರು. “ಟಿಕೆಟ್, ಟಿಕೆಟ್!”

ಸೀಟಿ ಊದಿದರು. ಇಂಜಿನ್ ಗುರ್ರೆಂದಿತು. ಕಿಟಕಿ ಗಾಜು ಗಡಗಡ, ಯಾರದೋ ಹಾಲಿನ ಕ್ಯಾನ್ ಠಣ್ ಠಣ್, ಹಿಂದೊಂದು ಮಗು ಕುಂಯ್.

ಸಂಘಮಿತ್ರಾ ಉಳಿದ ಮಾತು ಬಿಟ್ಟು ಕಿವಿಗೊಟ್ಟಳು.

ಸುತ್ತೂರಲ್ಲಿ ಎಲ್ಲ ಸದ್ದೂ ಒಟ್ಟಿಗೇ ನಿಂತಿತು. ಅವಳು ಕೈಕಟ್ಟಿಕೊಂಡು, ಸೀಟಿಗಾಗಿ ಕಾದಳು.