ಬಿಚ್ಚದ ಗಂಟಿನ ಮಲ್ಲಿಗೆ

ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್ ವಿಶಾಲನಷ್ಟು ಧೈರ್ಯದ ಗಂಡಸು ಮೂರು ತಾಲೂಕಿನಲ್ಲಿ ಇಲ್ಲ. ಬೆಳ್ಮಣ್ಣಿನಲ್ಲಿ ಬಸ್ಸು ಹತ್ತಿದ ಚಿರತೆಯ ಕಿವಿ ಹಿಡಿದು, "ಹಿಂದೆ ಹೋಗು, ಹಿಂದೆ ಸೀಟು ಉಂಟು," ಎಂದು ಅದಕ್ಕೆ ಅರ್ಧ ಟಿಕೆಟ್ ಹರಿದವನು ಅವನು! ಉಡುಪಿಯಲ್ಲಿ ಇಳಿಯುವಾಗ ಚಿರತೆ ತಲೆ ಬಗ್ಗಿಸಿ, "ಬರ್ತೇನೆ ಅಣ್ಣ," ಎಂದಿತಂತೆ.

ಅಂಥವನು ಅಲೆವೂರಿನ ತನ್ನ ಬಾಡಿಗೆ ಮನೆಯ ಗೇಟಿನಲ್ಲಿ ಒಬ್ಬ ಹುಡುಗಿಯ ಮುಂದೆ ಬೆವರುತ್ತ ನಿಂತಿದ್ದ.

ಅವಳು ಸೌಮ್ಯಶ್ರೀ, ಕಸದ ಗಾಡಿಯವಳು. ಹೆಸರಿನಲ್ಲಿ ಮಾತ್ರ ಸೌಮ್ಯ! ಅವಳು ಬಾಯಿ ತೆರೆದರೆ ಅಲೆವೂರಿನ ಕಾಗೆಗಳೆಲ್ಲ ಮಣಿಪಾಲಕ್ಕೆ ಗುಳೆ ಹೋಗುತ್ತಿದ್ದವು.

"ಇದು ಎಂತ?" ಕೆಂಪು ಬಕೆಟ್ ಎತ್ತಿ ಕೇಳಿದಳು.

"ಒಣ ಕಸ..."

"ಹಾಲಿನ ಪ್ಲಾಸ್ಟಿಕ್ ತೊಟ್ಟೆಯೊಳಗೆ ಬಂಗುಡೆ ಮೀನಿನ ತಲೆ! ಬಂಗುಡೆ ಒಣ ಕಸವಾ ಮಾರಾಯ್ರೆ?"

"ಫ್ರೈ ಮಾಡಿದ್ದು... ಸ್ವಲ್ಪ ಒಣಗಿತ್ತು."

ಗಾಡಿ ಓಡಿಸುವ ಹರಿಣಾಕ್ಷಕ್ಕ ಸ್ಟಿಯರಿಂಗಿಗೆ ತಲೆ ಇಟ್ಟು ನಕ್ಕರು. ಸೌಮ್ಯಶ್ರೀಗೆ ನಗು ಬರಲಿಲ್ಲ. ಇದನ್ನೆಲ್ಲ ಕಸದ ಘಟಕದ ಮೇಜಿನ ಮೇಲೆ ಸುರಿದು ಬೇರೆ ಮಾಡುವುದು ಅವಳ ಕೈಯೇ ತಾನೇ!

ಮರುದಿನ ಅನ್ನದ ಜೊತೆ ಬ್ಯಾಟರಿ. ಅದರ ಮರುದಿನ ಚಹಾ ಚರಟದಲ್ಲಿ ಹರಿದ ಚಪ್ಪಲಿ.

"ಹಸಿರಿಗೆ ಹಸಿ, ಕೆಂಪಿಗೆ ಒಣ. ಅಂಗನವಾಡಿ ಮಕ್ಕಳಿಗೂ ಗೊತ್ತುಂಟು!"

"ನಾಳೆ ಸರಿ ಮಾಡ್ತೇನೆ. ನಾಳೆಯೂ ನೀವೇ ಬರ್ತೀರಲ್ವಾ?"

ಬೈದು ಬೈದು ಒಂದು ದಿನ ಅವಳಿಗೇ ಗಾಬರಿಯಾಯಿತು. ಬೇರೆ ಮನೆಗಳ ಮುಂದೆ ಅರ್ಧ ನಿಮಿಷ, ಈ ಗೇಟಿನಲ್ಲಿ ಹತ್ತು ನಿಮಿಷ! ಮೇಲಿಂದ, ಗ್ಲೌಸ್ ಹಾಕುವ ಮೊದಲು ಕೂದಲು ಸರಿಮಾಡಿಕೊಳ್ಳುವುದು ಬೇರೆ.

'ಛೇ... ಇವನಿಗಾ? ಬಂಗುಡೆಗೂ ಹಾಲಿನ ತೊಟ್ಟೆಗೂ ವ್ಯತ್ಯಾಸ ತಿಳಿಯದವನಿಗಾ?'

ಆಗ ಬಂತು ಆ ಶನಿವಾರ. ಅವನ ಹಸಿರು ಬಕೆಟಿನಲ್ಲಿ ಬಾಳೆಎಲೆಯ ಪೊಟ್ಟಣ. ಸಂದಿಯಲ್ಲಿ ಬಾಡಿದ ಶಂಕರಪುರ ಮಲ್ಲಿಗೆ. ಮುಂದಿನ ಶನಿವಾರವೂ. ಅದರ ಮುಂದಿನದ್ದೂ!

ಯಾರ ಮನೆಗೆ ಮಗು ಬಂತು, ಯಾರಿಗೆ ಸಕ್ಕರೆ ಕಾಯಿಲೆ ಎಂದು ಮುನ್ನೂರು ಮನೆಗಳ ಗುಟ್ಟನ್ನು ಬಕೆಟಿನಲ್ಲೇ ಓದಿದವಳಿಗೆ ಇದನ್ನು ಓದಲು ಎಷ್ಟು ಹೊತ್ತು?

'ಮಲ್ಲಿಗೆ ಮುಡಿಯುವವಳು ಒಳಗಿದ್ದಾಳೆ...'

ಅಂದಿನಿಂದ ಅವಳು ಬೈಯುವುದನ್ನೇ ಬಿಟ್ಟಳು.

"ಇವತ್ತು ಬೈಲಿಕ್ಕೆ ಇಲ್ವಾ?" ಅವನ ಮುಖ ಸಣ್ಣದಾಗಿತ್ತು.

"ನಿಮ್ಮ ಮನೆಯವರು ಬೈತಾರೆ ಬಿಡಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಗಾಡಿ ಹೊರಟಿತ್ತು.

ಹನ್ನೊಂದನೇ ಶನಿವಾರ ಘಟಕದಲ್ಲಿ ಹರಿಣಾಕ್ಷಕ್ಕ ಹೇಳಿದರು: "ಕಾಪುವಿನ ಘಟಕಕ್ಕೆ ಒಬ್ಬರು ಬೇಕಂತೆ. ಹೋದರೆ ಅಲ್ಲಿಯೇ, ಮತ್ತೆ ಈ ಕಡೆ ಇಲ್ಲ. ಇವತ್ತು ಹನ್ನೆರಡು ಗಂಟೆಯೊಳಗೆ ಹೆಸರು ಕೊಡಬೇಕು."

"ನನ್ನ ಹೆಸರು ಕೊಡಿ ಅಕ್ಕ."

ಕಣ್ಣು ತುಂಬಿಕೊಂಡೇ ಮೇಜಿನತ್ತ ತಿರುಗಿದಳು. ಮತ್ತದೇ ಪೊಟ್ಟಣ! ಇಷ್ಟು ವಾರ ಹಾಗೆಯೇ ಗೊಬ್ಬರದ ತೊಟ್ಟಿಗೆ ಎಸೆದಿದ್ದಳು. ಈ ಸಲ ಹೂವಿನವಳು ಬಾಳೆ ನಾರಿನ ಬದಲು ಪ್ಲಾಸ್ಟಿಕ್ ದಾರ ಕಟ್ಟಿದ್ದಳು. ಪ್ಲಾಸ್ಟಿಕ್ ಗೊಬ್ಬರಕ್ಕೆ ಹೋಗುವ ಹಾಗಿಲ್ಲ, ಬಿಚ್ಚಲೇಬೇಕು.

ಗಂಟು ಬಿಚ್ಚಲಾಗಲಿಲ್ಲ. ಅಂಗಡಿಯಲ್ಲಿ ಬಿಗಿದದ್ದು ಹಾಗೆಯೇ ಇತ್ತು. ಕತ್ತರಿಯಲ್ಲಿ ಕತ್ತರಿಸಿದರೆ ಒಳಗೆ ಇಡೀ ಚೆಂಡು ಮಲ್ಲಿಗೆ... ಒಂದು ಎಸಳೂ ಕದಲಿರಲಿಲ್ಲ!

ಶಂಕರಪುರ ಮಲ್ಲಿಗೆಯನ್ನು ಬಿಚ್ಚದೆ ಬಿಸಾಡುವ ಹೆಂಗಸು ಉಡುಪಿ ಜಿಲ್ಲೆಯಲ್ಲಿ ಹುಟ್ಟಿಲ್ಲ.

'ಹಾಗಾದರೆ... ಒಳಗೆ ಯಾರೂ ಇಲ್ಲ!'

"ಅಕ್ಕಾ, ನನ್ನ ಹೆಸರು ತೆಗೀರಿ!" ಎಂದು ಕೂಗಿ, ಗ್ಲೌಸ್ ಕೂಡ ಕಳಚದೆ ಓಡಿದಳು.

ಮಧ್ಯಾಹ್ನದ ಪಾಳಿಗೆ ಹೊರಟ ವಿಶಾಲ್ ಗೇಟಿನಲ್ಲೇ ಸಿಕ್ಕಿದ.

"ಇದು ಯಾರಿಗೆ ತಂದದ್ದು?" ಪೊಟ್ಟಣ ಚಾಚಿದಳು.

ವಿಶಾಲ್ ಎದೆಯುಬ್ಬಿಸಿದ. ಸಿಂಹದ ಸ್ವರದಲ್ಲಿ, ಕಾರ್ಕಳಕ್ಕೂ ಕೇಳುವಂತೆ ಗರ್ಜಿಸಿದ: "ನಿನಗೇ, ಸೌಮ್ಯಾ!"

"ಯಾರು ಗರ್ಜಿಸಿದ್ದು?"

ಹಿಂದಿನಿಂದ ಬಂದ ಕೈಯೊಂದು, ನಾನು ಈ ಕಥೆ ಬರೆಯುತ್ತಿದ್ದ ಮೊಬೈಲನ್ನು ಕಸಿಯಿತು.

ಸರಿ, ಸಿಕ್ಕಿಬಿದ್ದೆ. ಆ ವಿಶಾಲ್ ನಾನೇ. ಕೈ ನನ್ನ ಹೆಂಡತಿಯದ್ದು. ಅವತ್ತು ನಾನು ಗರ್ಜಿಸಲಿಲ್ಲ, ಗೇಟು ಹಿಡಿದುಕೊಂಡು, "ನಿಮಗೇ... ಪ್ರತಿ ಶುಕ್ರವಾರ ತರ್ತೇನೆ, ಬೆಳಿಗ್ಗೆ ನಿಮ್ಮ ಮುಖ ನೋಡಿದರೆ ಧೈರ್ಯ ಹೋಗ್ತದೆ," ಎಂದು ಅತ್ತದ್ದು.

"ಚಿರತೆ?" ಸೌಮ್ಯ ಮೊದಲಿನಿಂದ ಓದುತ್ತಿದ್ದಳು.

"ಬೆಕ್ಕು. ನಾನು ಸೀಟು ಹತ್ತಿ ನಿಂತಿದ್ದೆ."

"ಬಂಗುಡೆ ತಲೆ?"

ಇದನ್ನು ಇವತ್ತಿನವರೆಗೆ ಹೇಳಿರಲಿಲ್ಲ.

"ಅದು... ಬೇಕೆಂದೇ ಹಾಕಿದ್ದು. ಸರಿಯಾಗಿ ಬೇರೆ ಮಾಡಿಟ್ಟರೆ ನೀನು ಅರ್ಧ ನಿಮಿಷದಲ್ಲಿ ಹೋಗ್ತಿದ್ದೆ."

"ಅಯ್ಯೋ ದೇವರೇ! ಅದನ್ನೆಲ್ಲ ಹೆಕ್ಕಿದ್ದು ಈ ಕೈ!"

"ಗೊತ್ತುಂಟು. ತಪ್ಪಾಯ್ತು, ಸೌಮ್ಯಾ."

"ತಪ್ಪಾಯ್ತಂತೆ! ನಾಳೆ ನಿಮಗೆ ರಜೆಯಲ್ವಾ? ಘಟಕಕ್ಕೆ ಬನ್ನಿ, ಇಡೀ ದಿನ ಹೆಕ್ಕಿ. ಗ್ಲೌಸ್ ನಾನು ಕೊಡ್ತೇನೆ."

ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ನನಗೆ ಬೆನ್ನು ಮಾಡಿ ಕುಳಿತಳು.

"ಮೊದಲು ಹೂ ಮುಡಿಸಿ. ಇವತ್ತಿನದ್ದೂ ಗಂಟು ಬಿಚ್ಚದೆ ಇಟ್ಟಿದ್ದೀರಿ."